ಗಾಲ್ಫ್ ಪ್ರಶ್ನೋತ್ತರ: ಡ್ರೈವರ್‌ಗೆ ಎಷ್ಟು ಲಾಫ್ಟ್ ಇರಬೇಕು?

ಪ್ರಶ್ನೆ: ನನಗೆ 62 ವರ್ಷ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಚಾಮುಂಡಿ ಬೆಟ್ಟದ ತಪ್ಪಲಿನ ಕೋರ್ಸಿನಲ್ಲಿ ಆಡಲು ಶುರು ಮಾಡಿದೆ. ಮಗ ದುಬೈನಿಂದ 9 ಡಿಗ್ರಿ ಲಾಫ್ಟಿನ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ತಂದುಕೊಟ್ಟಿದ್ದಾನೆ. ಬಾಲ್ ಮೇಲೇಳುವುದೇ ಇಲ್ಲ, ಬಲಕ್ಕೆ ತಿರುಗಿ ಪೊದೆ ಸೇರುತ್ತದೆ. ಅಳೆಸಿದಾಗ ಸ್ವಿಂಗ್ ವೇಗ ಗಂಟೆಗೆ 85 ಮೈಲಿ ಬಂತು. ಲಾಫ್ಟ್ ಜಾಸ್ತಿಯಾದರೆ ದೂರ ಕಮ್ಮಿಯಾಗುತ್ತೆ ಅಂತ ಜೊತೆಯವರು ಹೇಳುತ್ತಾರೆ. ನಿಜವೇ?
— ಮೈಸೂರಿನ ಓದುಗರು

ಉತ್ತರ: ನಿಮ್ಮ ವೇಗಕ್ಕೆ ಆ ಮಾತು ಸರಿಯಲ್ಲ ಸರ್. 9 ಡಿಗ್ರಿ ನಿಮಗೆ ತುಂಬಾ ಕಮ್ಮಿ. 12 ಡಿಗ್ರಿಯದ್ದು ಯಾರ ಹತ್ತಿರವಾದರೂ ಇಸಕೊಂಡು ಹತ್ತು ಬಾಲ್ ಹೊಡೆದು ನೋಡಿ.

ಗಿಡಕ್ಕೆ ಪೈಪಿನಲ್ಲಿ ನೀರು ಬಿಡುತ್ತೀರಿ, ಅಲ್ವಾ? ಟ್ಯಾಂಕಿನಲ್ಲಿ ನೀರು ಕಮ್ಮಿಯಿದ್ದು ಪ್ರೆಷರ್ ಇಳಿದಾಗ ದೂರದ ಗಿಡಕ್ಕೆ ನೀರು ಮುಟ್ಟಬೇಕಾದರೆ ಪೈಪಿನ ತುದಿಯನ್ನು ಮೇಲಕ್ಕೆ ಎತ್ತುತ್ತೀರಿ. ಲಾಫ್ಟ್ ಮಾಡುವುದೂ ಇದೇ ಕೆಲಸ. ಕ್ಲಬ್ಬಿನ ಮುಖ ಹಿಂದಕ್ಕೆ ಎಷ್ಟು ವಾಲಿದೆ ಅನ್ನುವುದೇ ಲಾಫ್ಟ್. ವೇಗ ಕಮ್ಮಿಯಿದ್ದವರಿಗೆ ಆ ವಾಲು ಜಾಸ್ತಿ ಬೇಕು. ಇಲ್ಲದಿದ್ದರೆ ಬಾಲ್ ಗಾಳಿಯಲ್ಲಿ ನಿಲ್ಲುವುದೇ ಇಲ್ಲ.

ಬಲಕ್ಕೆ ತಿರುಗುವುದಕ್ಕೂ ಲಾಫ್ಟಿಗೂ ಸಂಬಂಧವಿದೆ. ಹೊಡೆಯುವಾಗ ಕ್ಲಬ್ಬಿನ ಮುಖ ಸ್ವಲ್ಪ ಬಲಕ್ಕೆ ತೆರೆದಿದ್ದರೂ, ಲಾಫ್ಟ್ ಕಮ್ಮಿಯಿದ್ದಷ್ಟೂ ಬಾಲ್ ಜೋರಾಗಿ ಬಾಗುತ್ತದೆ. ಅದೇ ತಪ್ಪನ್ನು ಲಾಫ್ಟ್ ತುಂಬಾ ಇರುವ ವೆಡ್ಜ್ ಕ್ಲಬ್ಬಿನಲ್ಲಿ ಮಾಡಿದರೆ ಗೊತ್ತೇ ಆಗುವುದಿಲ್ಲ. ಬಲಕ್ಕೆ ಬಾಗುವ ನಿಮ್ಮ ಹೊಡೆತ (ಸ್ಲೈಸ್) ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ, ಆದರೆ ಪೊದೆಯ ಬದಲು ಪಕ್ಕದ ಉದ್ದ ಹುಲ್ಲಿನಲ್ಲಿ (ರಫ್) ಬಾಲ್ ಸಿಕ್ಕರೂ ಎಷ್ಟೋ ವಾಸಿ.

ನಾನು ಆಟಗಾರರ ಚೀಲ ಹೊರುವ ಕ್ಯಾಡಿಯಾಗಿ ಆಟ ಕಲಿತವನು. ಕೂಡಿಟ್ಟ ದುಡ್ಡಿನಲ್ಲಿ ಮೊದಲ ಡ್ರೈವರ್ ಕೊಳ್ಳಲು ಹೋದಾಗ ಅಂಗಡಿಯವರು 8.5 ಡಿಗ್ರಿಯದ್ದನ್ನು ಕೈಗಿಟ್ಟು, ‘ಗಂಡಸರು ಆಡುವುದು ಇದನ್ನೇ’ ಅಂದರು. ಒಂದು ವರ್ಷ ಅದರ ಜೊತೆ ಒದ್ದಾಡಿದೆ. ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಲಾಫ್ಟ್ ಅನ್ನುವುದು ಅಳತೆ, ಚಪ್ಪಲಿ ನಂಬರ್ ಇದ್ದ ಹಾಗೆ. ಅದರಲ್ಲಿ ಗಂಡಸುತನ ಎಲ್ಲಿಂದ ಬಂತು?

ಟಿವಿಯಲ್ಲಿ ನೋಡಿ ಕಲಿಯುವುದಾದರೆ ಗಂಡಸರ ಟೂರ್ (ವೃತ್ತಿಪರರ ಪಂದ್ಯಗಳು) ಬಿಟ್ಟು ಮಹಿಳೆಯರದ್ದನ್ನು ನೋಡಿ. ಅಮೆರಿಕದ ಪಿಜಿಎ ಟೂರ್‌ನವರ ಸರಾಸರಿ ವೇಗ ಸುಮಾರು 115 ಮೈಲಿ. ಅದು ನಮ್ಮ ಲೋಕವಲ್ಲ. ಅಲ್ಲಿನ ಮಹಿಳಾ ಟೂರ್ ಎಲ್‌ಪಿಜಿಎ ಆಟಗಾರ್ತಿಯರದ್ದು ಸುಮಾರು 96. ನಿಮಗೆ ಅದೇ ಹತ್ತಿರ. ಅವರ ಕ್ಲಬ್ ಬಾಲಿಗೆ ತಾಗುವಾಗ ಮೇಲಕ್ಕೆ ಏಳುತ್ತಿರುತ್ತದೆ, ಸರಾಸರಿ 3 ಡಿಗ್ರಿಯಷ್ಟು. ಬಾಲ್ ಸುಮಾರು 13 ಡಿಗ್ರಿಯಲ್ಲಿ ಹಾರುತ್ತದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದಾಗ, ಅವರಿಗಿಂತ ದೂರ ಹೊಡೆಯುವವರು ಎಷ್ಟೋ ಜನ ಹಿಂದೆ ಉಳಿದಿದ್ದರು.

ಮಗನ ಉಡುಗೊರೆಯನ್ನು ಮೂಲೆಗೆ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಕ್ಲಬ್ಬಿನ ಕೋಲು (ಶಾಫ್ಟು) ತಲೆಗೆ ಸೇರುವ ಜಾಗದಲ್ಲಿ ಸ್ಕ್ರೂ ಇದೆಯಾ ನೋಡಿ. ಇದ್ದರೆ, ಜೊತೆಗೆ ಬಂದ ಕೀಲಿಯಿಂದ ಬಿಚ್ಚಿ ತಿರುಗಿಸಿ ಲಾಫ್ಟ್ ಏರಿಸಬಹುದು. ಎಷ್ಟೋ ಡ್ರೈವರ್‌ಗಳಲ್ಲಿ ಒಂದೂವರೆ, ಎರಡು ಡಿಗ್ರಿ ಸಿಗುತ್ತದೆ. ಹೀಗೆ ಏರಿಸಿದಾಗ ಮುಖ ಸ್ವಲ್ಪ ಎಡಕ್ಕೆ ತಿರುಗಿ ಕೂರುತ್ತದೆ. ಬಲಗೈ ಆಟಗಾರರಾದ ನಿಮಗೆ ಅದು ಅನುಕೂಲವೇ. ಆದರೆ ಒಂದು ರೌಂಡಿನ ನಡುವೆ ತಿರುಗಿಸಬೇಡಿ, ನಿಯಮ ಒಪ್ಪುವುದಿಲ್ಲ. ಇನ್ನೊಂದು ಮಾತು: ಮೇಲೆ ಬರೆದ ನಂಬರನ್ನು ಪೂರ್ತಿ ನಂಬಬೇಡಿ, ನಿಜವಾದ ಲಾಫ್ಟ್ ಒಂದು ಡಿಗ್ರಿ ಆಚೀಚೆ ಇರಬಹುದು. ಬಾಲ್ ಹೇಗೆ ಹಾರುತ್ತದೆ ಅನ್ನುವುದನ್ನೇ ನಂಬಿ.

ಪ್ರಶ್ನೆ: ನನಗೆ 24. ವೇಗ 105 ಮೈಲಿ, ಡ್ರೈವರ್ 10.5 ಡಿಗ್ರಿ. ಬಾಲ್ ಆಕಾಶಕ್ಕೆ ಹೋಗಿ ಅಲ್ಲೇ ಬೀಳುತ್ತದೆ. 8 ಡಿಗ್ರಿ ತಗೊಳ್ಳಲಾ?
— ಬೆಂಗಳೂರಿನ ಓದುಗರು

ಉತ್ತರ: ಈಗಲೇ ಬೇಡ. ಮೊದಲು ಮುಖದ ಯಾವ ಜಾಗಕ್ಕೆ ಬಾಲ್ ತಾಗುತ್ತಿದೆ ನೋಡಿ. ಬಾಲಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿನಲ್ಲಿ ದಪ್ಪಗೆ ಚುಕ್ಕೆ ಇಡಿ, ಆ ಚುಕ್ಕೆ ಕ್ಲಬ್ಬಿನ ಕಡೆಗಿರುವಂತೆ ಟೀ (ಬಾಲ್ ಕೂರಿಸುವ ಚಿಕ್ಕ ಗೂಟ) ಮೇಲೆ ಕೂರಿಸಿ ಹೊಡೆಯಿರಿ. ಮುಖದ ಮೇಲೆ ಮಸಿ ಉಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹೊಡೆಯಿರಿ. ಮಸಿ ಮುಖದ ಕೆಳಭಾಗದಲ್ಲೇ ಬೀಳುತ್ತಿದ್ದರೆ ಬಾಲಿಗೆ ಹಿಂದಕ್ಕೆ ಸುತ್ತುವ ಸ್ಪಿನ್ ಜಾಸ್ತಿಯಾಗಿ ಅದು ಮೇಲಕ್ಕೇ ಏರುತ್ತದೆ. ಅದು ಲಾಫ್ಟಿನ ತಪ್ಪಲ್ಲ.

ಟೀ ಎತ್ತರಿಸಿ. ಡ್ರೈವರನ್ನು ನೆಲಕ್ಕೆ ಇಟ್ಟಾಗ ಅರ್ಧ ಬಾಲ್ ಅದರ ತಲೆಗಿಂತ ಮೇಲೆ ಕಾಣಬೇಕು. ಬಾಲ್ ಎಡ ಹಿಮ್ಮಡಿಯ ಒಳಗಡೆ ನೇರಕ್ಕೆ ಇರಲಿ. ಅದು ನಡುವಿಗೆ ಬಂದರೆ ಕ್ಲಬ್ ಕೆಳಮುಖವಾಗಿ ಬಡಿಯುತ್ತದೆ, ಸ್ಪಿನ್ ಇನ್ನೂ ಏರುತ್ತದೆ. ಇಷ್ಟೆಲ್ಲ ಸರಿಮಾಡಿ, ಮಸಿ ನಡುವಿಗಿಂತ ಸ್ವಲ್ಪ ಮೇಲೆ ಬೀಳುತ್ತಿದ್ದು, ಆಗಲೂ ಬಾಲ್ ಏರಿಯೇ ಬೀಳುತ್ತಿದ್ದರೆ 9.5 ಡಿಗ್ರಿಗೆ ಇಳಿಯೋಣ. ಇಪ್ಪತ್ತು ಬಾಲಿನ ಮಸಿ ಎಲ್ಲೆಲ್ಲಿ ಬಿತ್ತು ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿ ನನಗೆ ಕಳಿಸಿ.