47 ‘ಬೇಕು’ಗಳ ಬಗ್ಗೆ ಒಂದು ಪತ್ರ

ನಮಸ್ಕಾರ.

ನೀವು ಕಳಿಸಿದ ‘ವೆಬ್ ರಚನೆಯ ತತ್ವಗಳು’ ಕೈಪಿಡಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಹೊಸದಾಗಿ ಕೆಲಸಕ್ಕೆ ಸೇರುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಇಂಥದ್ದೊಂದು ಸಿಗಲೇಬೇಕೆಂಬ ಆಸೆ ನನಗೂ ಇದೆ. ಅದಕ್ಕೇ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ದೊಡ್ಡ ತೊಡಕು ‘ಬೇಕು’. 14 ಪುಟಗಳಲ್ಲಿ 47 ಸಲ ಬಂದಿದೆ, ಎಣಿಸಿ ನೋಡಿದೆ. ‘ವಿಳಾಸ ಚಿಕ್ಕದಾಗಿರಬೇಕು’ ಎನ್ನುತ್ತೀರಿ. ಮರುಸಾಲಿನಲ್ಲೇ, ಲಿಂಕ್ ಒತ್ತಿದಾಗ ಬ್ರೌಸರ್ ಕಳಿಸುವ ‘ತೋರಿಸು’ ಎಂಬ ಕೋರಿಕೆಯ ಬಗ್ಗೆ, ‘ಗೆಟ್ ಕೋರಿಕೆಯಿಂದ ದತ್ತಾಂಶ ಬದಲಾಗದಂತಿರಬೇಕು’ ಎನ್ನುತ್ತೀರಿ. ಮೊದಲನೆಯದನ್ನು ಮೀರಿದರೆ ಏನೂ ಮುಳುಗಿಹೋಗುವುದಿಲ್ಲ. ಎರಡನೆಯದನ್ನು ಮೀರಿದರೆ ಏನಾಗುತ್ತದೆಂದು ಕಣ್ಣಾರೆ ಕಂಡಿದ್ದೇನೆ. ನಾನು ಮೊದಲು ಕೆಲಸಕ್ಕಿದ್ದ ಕಡೆ ‘ಅಳಿಸು’ ಎಂಬುದನ್ನು ಬರೀ ಲಿಂಕ್ ಮಾಡಿಟ್ಟಿದ್ದೆವು. ಹುಡುಕಾಟಕ್ಕಾಗಿ ಪುಟಗಳ ಸೂಚಿ ತಯಾರಿಸುವ ಪ್ರೋಗ್ರಾಂ ಒಂದು ರಾತ್ರಿ ಆ ಲಿಂಕುಗಳನ್ನೆಲ್ಲ ಒಂದೊಂದಾಗಿ ತೆರೆಯುತ್ತ ಹೋಯಿತು. ಬೆಳಿಗ್ಗೆ ನೋಡಿದರೆ ಪಟ್ಟಿ ಖಾಲಿ. ಪ್ರೋಗ್ರಾಂ ತಪ್ಪು ಮಾಡಿರಲಿಲ್ಲ. ಗೆಟ್ ಎಂದರೆ ಓದುವುದಷ್ಟೇ ಎಂಬ ಭರವಸೆಯ ಮೇಲೆ ನಡೆದಿತ್ತು. ಇಂಥ ಎರಡು ಮಾತಿಗೂ ಒಂದೇ ‘ಬೇಕು’ ಹಾಕಿದರೆ, ಯಾವುದನ್ನು ಬಿಡುವಂತಿಲ್ಲ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂದು ಓದುವವರಿಗೆ ತಿಳಿಯುವುದು ಹೇಗೆ?

ಇಂಟರ್ನೆಟ್ ಮಾನಕಗಳನ್ನು ಬರೆದವರೂ ಇದರ ಜೊತೆ ಹೆಣಗಿದ್ದಾರೆ. 1997ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ದಸ್ತಾವೇಜು ‘ಮಸ್ಟ್’, ‘ಶುಡ್’, ‘ಮೇ’ ಪದಗಳಿಗೆ ಬೇರೆ ಬೇರೆ ತೂಕ ಗೊತ್ತುಮಾಡಿತು. ‘ಶುಡ್’ ಎಂದಲ್ಲಿ, ಸರಿಯಾದ ಕಾರಣವಿದ್ದರೆ ಬಿಡಬಹುದು. ಬಿಟ್ಟರೆ ಏನಾಗುತ್ತದೆಂದು ಪೂರ್ತಿ ಯೋಚಿಸಿರಬೇಕು. ಎಚ್‌ಟಿಟಿಪಿಯ, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯ, 1999ರ ಆವೃತ್ತಿಯಲ್ಲಿ ಗೆಟ್ ಕುರಿತ ನಿಯಮಕ್ಕೆ ‘ಶುಡ್’ ಇತ್ತು. 2014ರಲ್ಲಿ ತಿದ್ದಿ ಬರೆದಾಗ, ವಿಳಾಸದೊಳಗೇ ‘ಅಳಿಸು’ ಎಂಬಂಥ ಕ್ರಿಯೆ ಅಡಗಿದ್ದರೆ ಅದು ಗೆಟ್‌ನಿಂದ ನಡೆಯದಂತೆ ತಡೆಯುವುದಕ್ಕೆ ‘ಮಸ್ಟ್’ ಹಾಕಿದರು. ತಿದ್ದುಪಡಿ ಎಂದರೆ ಇದು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಟಂಕಿಸಬೇಕಾಗಿಲ್ಲ. ಸರ್ಕಾರಿ ಆದೇಶಗಳಲ್ಲಿ ‘ತಕ್ಕದ್ದು’ ಇದೆ: ‘ಗೆಟ್ ಕೋರಿಕೆಯಿಂದ ಯಾವುದನ್ನೂ ಅಳಿಸತಕ್ಕದ್ದಲ್ಲ.’ ಕಿವಿಗೆ ಒರಟು, ಆದರೆ ಅದನ್ನು ಯಾರೂ ಸಲಹೆ ಎಂದುಕೊಳ್ಳುವುದಿಲ್ಲ. ಎರಡನೆಯ ದರ್ಜೆಗೆ ‘ಒಳ್ಳೆಯದು’ ಸಾಕು, ಮೂರನೆಯದಕ್ಕೆ ‘ಬಹುದು’. ಯಾವುದಕ್ಕೆ ಏನರ್ಥವೆಂದು ಮೊದಲ ಪುಟದಲ್ಲೇ ಹೇಳಿಬಿಡಿ.

ಇನ್ನು ‘ಪುಟ’. ವಿಳಾಸ ಯಾವುದನ್ನು ಗುರುತಿಸುತ್ತದೋ ಅದೂ ನಿಮಗೆ ಪುಟ, ಬ್ರೌಸರಿಗೆ ಬಂದು ತಲುಪುವುದೂ ಪುಟ. ಇವೆರಡೂ ಬೇರೆ ಎಂಬುದೇ ವೆಬ್‌ನ ಮೂಲಪಾಠ. ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2004ರ ಡಿಸೆಂಬರ್ 15ರಂದು ಹೊರತಂದ ವೆಬ್ ರಚನೆಯ ದಸ್ತಾವೇಜು ಇದನ್ನು ಒಂದು ಕಥೆಯಿಂದ ಶುರುಮಾಡುತ್ತದೆ: ಮೆಕ್ಸಿಕೊಗೆ ಹೊರಟ ನಾದಿಯಾ ಎಂಬಾಕೆ ವಹಾಕಾ ಊರಿನ ಹವಾಮಾನ ನೋಡುತ್ತಾಳೆ. ವಿಳಾಸ ಗುರುತಿಸುವುದು ಆ ಊರಿನ ಹವಾಮಾನ ವರದಿಯನ್ನು. ಅವಳ ಕೈಗೆ ಬರುವುದು ಆ ಹೊತ್ತಿನ ಅದರ ಒಂದು ನಿರೂಪಣೆ. ನಾಳೆ ಅಂಕಿಗಳು ಬದಲಾದರೂ ವಿಳಾಸ ಅದೇ. ನೀವು ಆಗುಂಬೆಯ ಮಳೆ ವರದಿಯನ್ನು ಹಿಡಿದು ಕೊನೆಯವರೆಗೂ ನಡೆಸಿಕೊಂಡು ಹೋಗಿ. ಈಗ ಪ್ರತಿ ಪುಟಕ್ಕೊಂದು ಹೊಸ ಉದಾಹರಣೆ ಬರುತ್ತಿದೆ, ಯಾವುದೂ ನೆನಪಿನಲ್ಲಿ ನಿಲ್ಲುತ್ತಿಲ್ಲ.

ಅದೇ ಉದಾಹರಣೆಯಲ್ಲಿ ನೀವು ಮುಟ್ಟದೇ ಬಿಟ್ಟ ಒಂದು ವಿಷಯವೂ ಸಿಗುತ್ತದೆ. ವಿಳಾಸದಲ್ಲಿ ‘ಮಳೆ’ ಎಂದು ಕನ್ನಡದಲ್ಲೇ ಬರೆದರೆ? ಮ, ಳ, ಎತ್ವದ ಚಿಹ್ನೆ ಸೇರಿ 3 ಸಂಕೇತ. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್. ವಿಳಾಸದಲ್ಲಿ ಅದನ್ನು %E0 ಎಂಬಂತೆ ಶೇಕಡಾ ಚಿಹ್ನೆ ಹಾಕಿ ಬರೆದಾಗ ಒಂದೊಂದು ಬೈಟಿಗೂ 3 ಅಕ್ಷರ. ಎರಡಕ್ಷರದ ಮಳೆ 27 ಅಕ್ಷರಗಳಷ್ಟು ಉದ್ದವಾಗುತ್ತದೆ. ಕನ್ನಡದಲ್ಲಿ ಕೈಪಿಡಿ ಬರೆಯುತ್ತ ‘ವಿಳಾಸ ಚಿಕ್ಕದಾಗಿರಬೇಕು’ ಎನ್ನುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಲ್ಲವೇ?

ಪೂರ್ತಿ ತಿದ್ದಲು ಈಗಲೇ ಕೂರಬೇಡಿ. ಗೆಟ್ ಬಗೆಗಿನ ಮೂರನೇ ಅಧ್ಯಾಯವನ್ನು ಮಾತ್ರ ತೆಗೆದುಕೊಂಡು, ಒಂದೊಂದು ‘ಬೇಕು’ವಿನ ಪಕ್ಕ, ಅದನ್ನು ಮೀರಿದರೆ ಯಾರಿಗೆ ಏನು ಕೆಡುತ್ತದೆಂದು ಒಂದು ಸಾಲು ಬರೆಯಿರಿ. ಏನೂ ಹೊಳೆಯದಿದ್ದಲ್ಲಿ ಆ ‘ಬೇಕು’ವನ್ನೇ ತೆಗೆದುಬಿಡಿ. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ. ಆ ಅಧ್ಯಾಯ ಬಂದ ಮೇಲೆ ಫೋನಿನಲ್ಲಿ ಮಾತಾಡೋಣ.