ಪ್ರತಿಕ್ರಿಯೆ: ಜಾಗತಿಕ ಸರಾಸರಿ ತಾಪಮಾನ 5 ಡಿಗ್ರಿ ಅಂತ ಬರ್ತಿದೆ, ಯಾಕೆ?
ಹವಾಮಾನದ ಮಾಡೆಲ್ (ಭೂಮಿಯ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಸರಿಯಾಗೇ ಇರಬೇಕು, ನೀವು ಸರಾಸರಿ ತೆಗೆದ ರೀತಿಯಲ್ಲೇ ಎಡವಟ್ಟಾಗಿರುವ ಹಾಗಿದೆ. ಸುಮಾರು 14 ಡಿಗ್ರಿ ಬರಬೇಕಾದಲ್ಲಿ 5 ಬಂದಿದೆ ಅಂದ್ರೆ, ಭೂಮಿಯನ್ನು ಹಂಚಿದ ಎಲ್ಲ ಗ್ರಿಡ್ ಚೌಕಗಳನ್ನೂ ಸಮ ಅಂತ ಲೆಕ್ಕ ಹಾಕಿದ್ದೀರಿ. ಅಕ್ಷಾಂಶ-ರೇಖಾಂಶದ ಗ್ರಿಡ್‌ನಲ್ಲಿ ಧ್ರುವದ ಕಡೆ ಹೋದಂತೆ ಚೌಕ ಕಿರಿದಾಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದರ ವಿಸ್ತೀರ್ಣ ಸಮಭಾಜಕದ ಅರ್ಧ, 80ರಲ್ಲಿ ಆರನೇ ಒಂದು ಪಾಲು. ವಿಸ್ತೀರ್ಣಕ್ಕೆ ತಕ್ಕ ತೂಕ ಕೊಡದಿದ್ದರೆ ಅಂಟಾರ್ಕ್ಟಿಕಾದ ಚಳಿಗೆ ಸುಮ್ನೆ ಜಾಸ್ತಿ ಬೆಲೆ ಸಿಗುತ್ತದೆ.

ಮೊದಲು ಅಕ್ಷಾಂಶದ ಕೊಸೈನ್ ತೆಗೆಯಿರಿ, ಅದೇ ತೂಕ. ನಂಪೈಗೆ (ಪೈಥಾನ್‌ನ ಲೆಕ್ಕದ ಲೈಬ್ರರಿ) ಡಿಗ್ರಿ ಕೊಡಬೇಡಿ, ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ಬದಲಿಸಿ ಕೊಡಿ. ಇಲ್ಲಿ ತಪ್ಪಿದರೆ ಎರರ್ ಬರುವುದಿಲ್ಲ, ಉತ್ತರ ಮಾತ್ರ ಎಲ್ಲೋ ಹೋಗಿರುತ್ತದೆ. ತೂಕದಲ್ಲಿ ಮೈನಸ್ ಸಂಖ್ಯೆ ಕಂಡರೆ ಇದೇ ಕಾರಣ. ಆಮೇಲೆ ಎಕ್ಸ್‌ಅರೇ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ತೂಕ ಹಾಕಲು ಇರುವ 'ವೆಯ್ಟೆಡ್' ಬಳಸಿ, ಅಕ್ಷಾಂಶ, ರೇಖಾಂಶ ಎರಡರ ಮೇಲೂ ಒಟ್ಟಿಗೆ ಸರಾಸರಿ ತೆಗೆಯಿರಿ. ಫೈಲ್ ಕೆಲ್ವಿನ್‌ನಲ್ಲಿದ್ದರೆ ಸೆಲ್ಸಿಯಸ್‌ಗೆ ತರಲು 273.15 ಕಳೆಯಿರಿ.

ನಿಮ್ಮ ಗ್ರಿಡ್ ಯಾವುದು ಅಂತ ಹೇಳಿಲ್ಲ. ಅಕ್ಷಾಂಶ ಎರಡು ಆಯಾಮದ್ದಾಗಿದ್ದರೆ, ಅಂದ್ರೆ ಗ್ರಿಡ್‌ನ ಒಂದೇ ಸಾಲಿನೊಳಗೂ ಬದಲಾಗುತ್ತಿದ್ದರೆ (ಸಾಗರದ ಮಾಡೆಲ್‌ಗಳಲ್ಲಿ ಹೀಗೇ ಜಾಸ್ತಿ) ಕೊಸೈನ್ ನಂಬಬೇಡಿ, ಮಾಡೆಲ್ ಜೊತೆ ಬರುವ ಸೆಲ್ (ಗ್ರಿಡ್ ಚೌಕ) ವಿಸ್ತೀರ್ಣದ ಫೈಲನ್ನೇ ತೂಕವಾಗಿ ಹಾಕಿ. ಇಷ್ಟಾದ ಮೇಲೂ ಒಂದು ಡಿಗ್ರಿ ಆಚೀಚೆ ಇದ್ದರೆ ಅದು ಬಹುಶಃ ಮಾಡೆಲ್‌ನದೇ ಪಕ್ಷಪಾತ (ಒಂದೇ ಕಡೆ ವಾಲುವ ದೋಷ), ನಿಮ್ಮ ಕೋಡ್‌ನದಲ್ಲ.