ಓದುಗರ ಪ್ರಶ್ನೆ: ಕಲ್ಲು ಉಜ್ಜಿದ್ರೆ ಮುಖ ತೆಳ್ಳಗಾಗುತ್ತಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಮುಖಕ್ಕೆ ಉಜ್ಜೋ ಚಪ್ಪಟೆ ಕಲ್ಲು (ಗ್ವಾ ಶಾ), ರೋಲರ್ ಬಗ್ಗೇನೇ ಇದೆ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೆ ಮಾತ್ರ ಉತ್ತರ ಕೊಡ್ತಿದೀನಿ.

ಪ್ರಶ್ನೆ: ಮೇಡಂ, ರೀಲ್ಸ್ ನೋಡಿ ಗ್ವಾ ಶಾ ಕಲ್ಲು, ಜೇಡ್ ರೋಲರ್ ಎರಡೂ ಇರೋ ಸೆಟ್ ತರಿಸ್ಕೊಂಡೆ. ಬೆಳಗ್ಗೆ ಉಜ್ಜಿದ ತಕ್ಷಣ ದವಡೆಗೆ ಒಳ್ಳೆ ಶೇಪ್ ಬಂದ ಹಾಗೆ ಕಾಣುತ್ತೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೊದಲಿನ ಥರಾನೇ. ನಾನು ಮಾಡ್ತಿರೋ ರೀತಿ ತಪ್ಪಾ? – ದಾವಣಗೆರೆ

ಉತ್ತರ: ತಪ್ಪೇನೂ ಇಲ್ಲಮ್ಮ, ಅದು ಕೆಲಸ ಮಾಡೋದೇ ಅಷ್ಟು. ರಾತ್ರಿ ಪೂರ್ತಿ ಮಲಗಿರ್ತೀವಲ್ಲ, ಆಗ ಚರ್ಮದ ಕೆಳಗಿನ ನೀರಿನಂಶ ಮುಖದಲ್ಲೇ ನಿಂತ್ಕೊಳುತ್ತೆ, ಕಣ್ಣಿನ ಸುತ್ತ ಚರ್ಮ ತುಂಬಾ ತೆಳು ಅಂತ ಅಲ್ಲಿ ಜಾಸ್ತಿ ಗೊತ್ತಾಗುತ್ತೆ, ರಾತ್ರಿ ಊಟಕ್ಕೆ ಉಪ್ಪಿನಕಾಯಿ ಹಪ್ಪಳ ಜೋರಾಗಿದ್ರೆ ಇನ್ನೂ ಜಾಸ್ತಿ. ಈ ನೀರನ್ನ ಹೊತ್ಕೊಂಡು ಹೋಗೋ ಲಿಂಫ್ ನಾಳಗಳು ಚರ್ಮದ ಕೆಳಗೇ ಇರೋದು, ರಕ್ತಕ್ಕೆ ಹೃದಯ ಇದ್ದ ಹಾಗೆ ಇವಕ್ಕೆ ಬೇರೆ ಪಂಪ್ ಇಲ್ಲ, ನಾವು ಅಲ್ಲಾಡಿದಾಗ, ಮೆಲ್ಲಗೆ ಒತ್ತಿದಾಗ ಬೇಗ ಹರಿಯುತ್ತೆ. ಕಲ್ಲಿನಿಂದ ಸವರಿದಾಗ ಆಗೋದು ಇದೇ. ಎದ್ದು ಓಡಾಡಿದ್ರೂ ಸ್ವಲ್ಪ ಹೊತ್ತಲ್ಲಿ ಊತ ತಾನಾಗೇ ಇಳಿಯುತ್ತೆ, ಕಲ್ಲು ಅದನ್ನ ಬೇಗ ಇಳಿಸುತ್ತೆ ಅಷ್ಟೇ.

ಮುಖ ಹೊಳೆಯೋದಕ್ಕೂ ಕಾರಣ ಇದೆ. 2018ರಲ್ಲಿ ಜಪಾನಿನವರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದ್ರು, ಒಂದು ಕೆನ್ನೆಗೆ ಮಾತ್ರ 5 ನಿಮಿಷ ರೋಲರ್ ಆಡಿಸಿ ನೋಡಿದಾಗ ಆ ಕಡೆ ಚರ್ಮದಲ್ಲಿ ರಕ್ತ ಓಡಾಟ ಜಾಸ್ತಿಯಾಗಿತ್ತು, ನಿಲ್ಲಿಸಿ 10 ನಿಮಿಷ ಆದ್ಮೇಲೂ ಹಾಗೇ ಇತ್ತು. ಇಷ್ಟು ನಿಜ. ಆದ್ರೆ ಕೆನ್ನೆಯ ಕೊಬ್ಬು ಕರಗುತ್ತೆ, ದವಡೆ ಮೂಳೆ ಚೂಪಾಗುತ್ತೆ ಅನ್ನೋದೆಲ್ಲ ಸುಳ್ಳು, ಸುಕ್ಕು ಹೋಗುತ್ತೆ ಅನ್ನೋದಕ್ಕೂ ನಂಬೋ ಅಂಥ ಪುರಾವೆ ಇಲ್ಲ. ಯಾರಾದ್ರೂ ಹಾಗೆ ಹೇಳಿ 3000 ರೂಪಾಯಿ ಕಲ್ಲು ಮಾರಿದ್ರೆ ದಯವಿಟ್ಟು ತಗೋಬೇಡಿ.

ಮಾಡೋ ಕ್ರಮ ಹೇಳ್ತೀನಿ, ಯಾಕಂದ್ರೆ ಬಹಳ ಜನ ಒಣ ಮುಖದ ಮೇಲೆ ಗಸಗಸ ಉಜ್ತಾರೆ. ಮುಖ ತೊಳ್ದು ಇನ್ನೂ ತೇವ ಇರೋವಾಗ್ಲೇ ನಾಲ್ಕೈದು ಹನಿ ಎಣ್ಣೆ ಹಚ್ಕೊಳಿ, ಕಲ್ಲು ಜಾರಬೇಕು, ಚರ್ಮ ಎಳೆಯಬಾರದು. ಮೊದಲು ಕತ್ತಿನ ಪಕ್ಕ, ಕಿವಿ ಕೆಳಗಿಂದ ಕಾಲರ್ ಬೋನ್ ತನಕ ಕೆಳಮುಖವಾಗಿ. ಆಮೇಲೆ ಗಲ್ಲದಿಂದ ಕಿವಿ ಕಡೆ, ಮೂಗಿನ ಪಕ್ಕದಿಂದ ಕೆನ್ನೆ ಮೇಲಾಗಿ ಕಿವಿ ಕಡೆ, ಹಣೆ ನಡುವಿಂದ ಕಣತಲೆ ಕಡೆ. ಗ್ವಾ ಶಾ ಕಲ್ಲನ್ನ ನಿಲ್ಲಿಸಿ ಹಿಡೀಬೇಡಿ, ಚರ್ಮಕ್ಕೆ ಹೆಚ್ಚುಕಮ್ಮಿ ಅಂಟಿದ ಹಾಗೆ ಮಲಗಿಸಿ, ಇನ್ನೊಂದು ಕೈಯಲ್ಲಿ ಚರ್ಮವನ್ನ ಮೆಲ್ಲಗೆ ಹಿಡ್ಕೊಂಡಿರಿ. ಕಣ್ಣಿನ ಕೆಳಗೆ ಕಲ್ಲಿನ ಭಾರ ಎಷ್ಟಿದೆಯೋ ಅಷ್ಟೇ ಸಾಕು, ನೀವು ಒತ್ತೋದೇ ಬೇಡ. ಒಂದೊಂದು ಜಾಗಕ್ಕೆ ನಾಲ್ಕೈದು ಸಲ, ಕೊನೆಗೆ ಮತ್ತೆ ಕತ್ತಿನಿಂದ ಕೆಳಗೆ, ಒಟ್ಟು 5 ನಿಮಿಷ. ಕತ್ತಿನ ಮುಂಭಾಗ ಎರಡೂ ಕಡೆ ಒಟ್ಟಿಗೆ ಒತ್ತಲೇಬೇಡಿ, ಅಲ್ಲಿ ಮೆದುಳಿಗೆ ಹೋಗೋ ರಕ್ತನಾಳ ಇದೆ, ತಲೆ ಸುತ್ತು ಬರಬಹುದು. ಚೀನಾದ ಸಾಂಪ್ರದಾಯಿಕ ಚಿಕಿತ್ಸೇಲಿ ಬೆನ್ನಿಗೆ ಕೆಂಪು ಚುಕ್ಕೆ ಏಳೋ ತನಕ ಕೆರೀತಾರೆ, ಅದನ್ನ ನೋಡಿ ಮುಖಕ್ಕೂ ಹಾಗೆ ಮಾಡಬಾರದು. ತಿಳಿ ಗುಲಾಬಿ ಬಣ್ಣಕ್ಕೆ ಬಂದ್ರೆ ನಿಲ್ಲಿಸಿ.

ಪ್ರಶ್ನೆ: ನನಗೆ 41 ವರ್ಷ, ಎರಡೂ ಕೆನ್ನೆ ಮೇಲೆ ಬಂಗು ಇದೆ. ರೋಲರ್ ಉಜ್ಜಿದ್ರೆ ಹೋಗುತ್ತೆ ಅಂತ ಪಾರ್ಲರ್‌ನಲ್ಲಿ ಹೇಳಿದ್ರು. ದಿನಾ ಎರಡು ಹೊತ್ತು ಮಾಡ್ತೀನಿ, ಈಗ ಇನ್ನೂ ಕಪ್ಪಾಗಿದೆ ಅನ್ಸುತ್ತೆ. – ಶಿರಸಿ

ಉತ್ತರ: ಅಕ್ಕಾ, ಇವತ್ತೇ ನಿಲ್ಲಿಸಿಬಿಡಿ. ನಮ್ಮ ಚರ್ಮದಲ್ಲಿ ಮೆಲನಿನ್ ಅನ್ನೋ ಬಣ್ಣ ತಯಾರಿಸೋ ಜೀವಕೋಶಗಳು ತುಂಬಾ ಚುರುಕು, ತಿಕ್ಕಾಟ ಆದ್ರೂ ಶಾಖ ಆದ್ರೂ ಇನ್ನಷ್ಟು ಬಣ್ಣ ಉತ್ಪತ್ತಿ ಮಾಡ್ತಾವೆ. ಸ್ನಾನದಲ್ಲಿ ನಾರು, ಸ್ಕ್ರಬ್ಬರ್ ಹಾಕಿ ವರ್ಷಗಟ್ಟಲೆ ಉಜ್ಜಿ ಬೆನ್ನು, ಭುಜ ಕಪ್ಪಾದವರನ್ನ ನಮ್ಮ ಚರ್ಮದ ಡಾಕ್ಟ್ರುಗಳು ಎಷ್ಟೋ ನೋಡಿದಾರೆ, ಮುಖಕ್ಕೆ ಉಜ್ಜಿದ್ರೂ ಅದೇ ಕಥೆ. ಬಂಗಿಗೆ ಮೊದಲ ಮದ್ದು ಸನ್‌ಸ್ಕ್ರೀನ್, ಅದರಲ್ಲೂ ಐರನ್ ಆಕ್ಸೈಡ್ ಇರೋ ಟಿಂಟೆಡ್ (ಚರ್ಮದ ಬಣ್ಣ ಸೇರಿಸಿರೋ) ಸನ್‌ಸ್ಕ್ರೀನ್ ಒಳ್ಳೇದು, ಯಾಕಂದ್ರೆ ಕಣ್ಣಿಗೆ ಕಾಣೋ ಬೆಳಕಿನಿಂದಲೂ ಬಂಗು ಜಾಸ್ತಿಯಾಗುತ್ತೆ, ಬಣ್ಣ ಇಲ್ಲದ ಸನ್‌ಸ್ಕ್ರೀನ್ ಅದನ್ನ ಅಷ್ಟಾಗಿ ತಡೆಯಲ್ಲ.

ಇನ್ನೊಂದು ಕೇಳ್ತೀನಿ, ಬೆಳ್ಳಗಾಗೋಕೆ ಅಂತ ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ಕ್ರೀಮ್ ತಂದು ಹಚ್ತಿದೀರಾ? ಟ್ಯೂಬ್ ತಿರುಗಿಸಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತಿದ್ರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ಕಾಗದದ ಥರ ತೆಳುವಾಗುತ್ತೆ, ಅದರ ಮೇಲೆ ಯಾವ ಕಲ್ಲೂ ಬೇಡ. ಆದ್ರೆ ಆ ಕ್ರೀಮನ್ನೂ ದಿಢೀರ್ ಅಂತ ಬಿಡಬೇಡಿ, ಮುಖ ಉರಿದು ಕೆಂಪಾಗುತ್ತೆ, ಟ್ಯೂಬ್ ತಗೊಂಡು ಹೋಗಿ ಡಾಕ್ಟ್ರಿಗೆ ತೋರಿಸಿ ಹೇಗೆ ಬಿಡಬೇಕು ಅಂತ ಕೇಳಿ. ಈ ವಿಷ್ಯ ಎಷ್ಟು ಸಲ ಬರೆದ್ರೂ ನನಗೆ ಸಮಾಧಾನ ಇಲ್ಲ, ಎಷ್ಟೊಂದು ಹೆಣ್ಣುಮಕ್ಕಳ ಮುಖ ಹಾಳಾಗ್ತಿದೆ.

ಪ್ರಶ್ನೆ: ಕೊಬ್ಬರಿ ಎಣ್ಣೆ ಹಾಕಿ ಮಾಡಬಹುದಾ? ಕಲ್ಲನ್ನ ಫ್ರೀಜರಲ್ಲಿ ಇಡ್ಬೇಕಾ? – ಪುತ್ತೂರು

ಉತ್ತರ: ಮೊಡವೆ ಬರೋ ಮುಖ ಆಗಿದ್ರೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚುತ್ತೆ, ಸ್ಕ್ವಾಲೇನ್ ಅನ್ನೋ ಹಗುರ ಎಣ್ಣೆ ವಾಸಿ. ಕೀವು ತುಂಬಿದ ಮೊಡವೆ ಇರೋ ದಿನ ಕಲ್ಲನ್ನ ಮುಟ್ಟಲೇಬೇಡಿ. ಫ್ರೀಜರ್ ಬೇಡ, ಕಲ್ಲು ಬಿರುಕು ಬಿಡಬಹುದು, ಚರ್ಮಕ್ಕೂ ಪೆಟ್ಟು, ಫ್ರಿಜ್‌ನಲ್ಲಿ 10 ನಿಮಿಷ ಇಟ್ರೆ ಸಾಕು. ಪ್ರತಿ ಸಲ ಸೋಪು ಹಾಕಿ ತೊಳ್ದು ಒರೆಸಿಡಿ, ರೋಲರ್ ಆದ್ರೆ ಕಂಬಿ ಸೇರೋ ಸಂದಿಯಲ್ಲಿ ಎಣ್ಣೆ ಜಿಡ್ಡು ನಿಲ್ಲುತ್ತೆ, ಅಲ್ಲಿ ಹಳೇ ಟೂತ್‌ಬ್ರಶ್ ಆಡಿಸಿ. ರೆಟಿನಾಲ್ (ಸುಕ್ಕು, ಮೊಡವೆಗೆ ಹಚ್ಚೋ ವಿಟಮಿನ್ ಎ ಕ್ರೀಮ್) ಹಚ್ಚೋ ರಾತ್ರಿ ಮಾಡಬೇಡಿ, ಸನ್‌ಸ್ಕ್ರೀನ್ ಹಚ್ಚಿದ ಮೇಲಂತೂ ಬೇಡವೇ ಬೇಡ, ಪದರ ಕಿತ್ತು ಹೋಗುತ್ತೆ.

ಪ್ರಶ್ನೆ: ಡರ್ಮಾ ರೋಲರ್ ಕೂಡ ಇದೇ ಅಲ್ವಾ? ಫ್ರೆಂಡ್ ಹತ್ರ ಇದೆ, ಕೊಡ್ತೀನಿ ಅಂತಿದಾಳೆ. – ಬೀದರ್

ಉತ್ತರ: ಅಲ್ಲವೇ ಅಲ್ಲ. ಅದರ ತುಂಬ ಸೂಜಿ ಇರುತ್ತೆ, ಚರ್ಮ ಚುಚ್ಚುತ್ತೆ, ಇನ್ನೊಬ್ರು ಬಳಸಿದ್ದನ್ನ ಬಳಸಿದ್ರೆ ರಕ್ತದಿಂದ ಹರಡೋ ಕಾಯಿಲೆಗಳೇ ಬರಬಹುದು. ಬೇಡ ಅಂದುಬಿಡಿ.

ಪ್ರಶ್ನೆ: ಕಂಚಿನ ಮಸಾಜ್ ಕೋಲು ಉಜ್ಜಿದ್ರೆ ಮುಖದ ಮೇಲೆ ಬೂದು ಬಣ್ಣ ಬರುತ್ತೆ, ಅದು ಒಳಗಿನ ವಿಷ ಹೊರಗೆ ಬರೋದು ಅಂತ ಬರ್ದಿದಾರೆ. – ಮೈಸೂರು

ಉತ್ತರ: ಕಂಚು ಅಂದ್ರೆ ತಾಮ್ರ, ತವರ. ಎಣ್ಣೆ, ಬೆವರು, ಚರ್ಮದ ಹುಳಿ ಅಂಶ ಸೇರಿ ಆ ಲೋಹವೇ ಸ್ವಲ್ಪ ಬಿಟ್ಕೊಂಡು ಬೂದು ಆಗೋದು. ವಿಷ ಅಲ್ಲ, ಒರೆಸಿ ಮುಖ ತೊಳ್ಕೊಳಿ, ಹೋಗುತ್ತೆ.

ಪ್ರಶ್ನೆ: ಎರಡು ತಿಂಗಳಿಂದ ಅಮ್ಮನ ಮುಖ ದಿನಪೂರ್ತಿ ಊದಿಕೊಂಡೇ ಇರುತ್ತೆ, ಕಾಲೂ ಸ್ವಲ್ಪ ಊದಿದೆ. ಯಾವ ರೋಲರ್ ತರಲಿ? – ತುಮಕೂರು

ಉತ್ತರ: ಯಾವುದೂ ತರಬೇಡಪ್ಪ. ಬೆಳಗ್ಗೆ ಬಂದು ಮಧ್ಯಾಹ್ನಕ್ಕೆ ಇಳಿಯೋ ಊತ ಬೇರೆ, ಇದು ಬೇರೆ. ಥೈರಾಯ್ಡ್ ಕಡಿಮೆ ಆದ್ರೆ, ಕಿಡ್ನಿ ಅಥವಾ ಹೃದಯಕ್ಕೆ ತೊಂದರೆ ಆದ್ರೆ ಹೀಗಾಗುತ್ತೆ, ಕೆಲವು ಮಾತ್ರೆಯಿಂದಲೂ ಆಗುತ್ತೆ. ಈ ವಾರಾನೇ ಅಮ್ಮನ್ನ ಫಿಜಿಷಿಯನ್ ಹತ್ರ ಕರ್ಕೊಂಡು ಹೋಗು, ಅವರು ತಗೊಳ್ಳೋ ಮಾತ್ರೆಗಳನ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಹೋಗು, ಟಿಎಸ್‌ಎಚ್ (ಥೈರಾಯ್ಡ್‌ಗೆ), ಕ್ರಿಯಾಟಿನಿನ್ (ಕಿಡ್ನಿಗೆ), ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅನ್ನೋ ಟೆಸ್ಟ್ ಮಾಡಿಸ್ಬೇಕಾ ಅಂತ ನೀನೇ ಬಾಯ್ಬಿಟ್ಟು ಕೇಳು. ಉಸಿರಾಡೋಕೆ ಕಷ್ಟ ಆಗ್ತಿದ್ರೆ ವಾರ ಕಾಯಬೇಡ, ಇವತ್ತೇ ಹೊರಡು.